ಸಾಗರ ಸಂಶೋಧನಾ ನೌಕೆಗಳ ಸಾಮೂಹಿಕ ಉಪಕರಣಗಳಿಗೆ ಧನಸಹಾಯ

ಸಾಗರ ಸಂಶೋಧನಾ ನೌಕೆಗಳ ಸಾಮೂಹಿಕ ಉಪಕರಣಗಳು ಎಂದರೆ, ಸಮುದ್ರದ ಅಧ್ಯಯನಕ್ಕೆಂದು ಸಂಚರಿಸುವ ಹಡಗಿನಲ್ಲಿದ್ದು, ಒಬ್ಬ ವಿಜ್ಞಾನಿಯ ಅಥವಾ ಒಂದು ಯೋಜನೆಯ ಸ್ವತ್ತಾಗಿರದೆ, ಆ ಹಡಗನ್ನೇರುವ ಎಲ್ಲ ಸಂಶೋಧಕರ ಬಳಕೆಗೂ ಒದಗುವ ವೈಜ್ಞಾನಿಕ ಸಾಧನಗಳು. ಇವುಗಳ ಖರೀದಿ, ದುರಸ್ತಿ, ಮಾಪನಾಂಕ ನಿರ್ಣಯ ಮತ್ತು ಇವನ್ನು ನಡೆಸುವ ತಂತ್ರಜ್ಞರ ವೇತನ ಇವೆಲ್ಲಕ್ಕೂ ಹಣ ಬೇಕಾಗುತ್ತದೆ. ಭಾರತದಲ್ಲಿ ಈ ಹಣದ ಬಹುಭಾಗವನ್ನು ಕೇಂದ್ರ ಸರ್ಕಾರದ ಭೂ ವಿಜ್ಞಾನಗಳ ಸಚಿವಾಲಯವೂ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತೂ (ಸಿ.ಎಸ್.ಐ.ಆರ್.) ಒದಗಿಸುತ್ತವೆ.

ಸಮುದ್ರದಿಂದ ದೂರದಲ್ಲಿರುವ ವಿದ್ಯಾಸಂಸ್ಥೆಗಳು ಸಾಗರವಿಜ್ಞಾನದಲ್ಲಿ ತೊಡಗಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಈ ವ್ಯವಸ್ಥೆಯಿಂದಲೇ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಬಂದರಿಲ್ಲದ ಬೆಂಗಳೂರಿನ ವಿಜ್ಞಾನಿಗಳು ಬಂಗಾಳ ಕೊಲ್ಲಿಯ ಬಗೆಗೆ ನಡೆಸಿರುವ ಅಧ್ಯಯನಗಳು ಇದಕ್ಕೆ ಒಳ್ಳೆಯ ನಿದರ್ಶನ.

ಹಿನ್ನೆಲೆ

ಭೂಮಿಯ ಮೇಲಿನ ಪ್ರಯೋಗಾಲಯದಲ್ಲಿ ಒಂದು ಉಪಕರಣ ಕೆಟ್ಟರೆ ಕೆಲಸವನ್ನು ನಾಳೆಗೆ ಮುಂದೂಡಬಹುದು. ನಡುಗಡಲಿನಲ್ಲಿ ಆ ಅವಕಾಶವಿಲ್ಲ. ಹಡಗು ಬಂದರಿನಿಂದ ಹೊರಟ ಮೇಲೆ ಇಂಧನ, ನಾವಿಕರ ವೇತನ, ಆಹಾರ, ವಿಮೆ ಮೊದಲಾದ ವೆಚ್ಚಗಳು ಅಳತೆ ನಡೆದರೂ ನಡೆಯದಿದ್ದರೂ ಪ್ರತಿದಿನ ಏರುತ್ತಲೇ ಇರುತ್ತವೆ. ಆದುದರಿಂದ ಒಂದು ಸಂವೇದಕ ಕೆಟ್ಟು ನಷ್ಟವಾದ ದಿನದ ಬೆಲೆಯು ಎಷ್ಟೋ ವೇಳೆ ಆ ಸಂವೇದಕದ ಬೆಲೆಯನ್ನೇ ಮೀರಬಹುದು.

ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನದೇ ಆದ ಉಪಕರಣಗಳನ್ನು ಕೊಳ್ಳುವುದು ಕಾರ್ಯಸಾಧ್ಯವಲ್ಲ. ಸಂಶೋಧಕ ತಂಡವೊಂದಕ್ಕೆ ವರ್ಷದಲ್ಲಿ ಕೆಲವು ವಾರಗಳು ಮಾತ್ರ ಸಮುದ್ರದಲ್ಲಿರುವ ಅವಕಾಶ ಸಿಗುತ್ತದೆ. ಉಳಿದ ಅವಧಿಯಲ್ಲಿ ಆ ಸಾಧನ ಪೆಟ್ಟಿಗೆಯಲ್ಲಿ ಕುಳಿತಿರಬೇಕಾಗುತ್ತದೆ. ಅಲ್ಲದೆ ದೊಡ್ಡ ವಿಂಚ್‌ಗಳು, ಸಾವಿರಾರು ಮೀಟರ್ ಉದ್ದದ ಕೇಬಲ್‌ಗಳು, ಹಡಗಿನ ತಳಕ್ಕೆ ಅಳವಡಿಸಿದ ಧ್ವನಿ ಉಪಕರಣಗಳು ಹಡಗಿನಿಂದ ಬೇರ್ಪಡಿಸಲಾಗದಂಥವು. ಈ ಕಾರಣಗಳಿಂದ ಉಪಕರಣಗಳನ್ನು ಹಡಗಿಗೆ ಸೇರಿದ ಸಾಮೂಹಿಕ ಸ್ವತ್ತೆಂದು ಪರಿಗಣಿಸುವ ಪದ್ಧತಿ ಜಗತ್ತಿನ ಬಹುತೇಕ ಸಾಗರವಿಜ್ಞಾನ ಕೇಂದ್ರಗಳಲ್ಲಿ ರೂಢಿಗೆ ಬಂದಿದೆ.

ಉಪಕರಣಗಳ ವಿಧಗಳು

ಸಂಶೋಧನಾ ನೌಕೆಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ಸಾಮೂಹಿಕ ಉಪಕರಣಗಳು ಇವು:

• ಸಿ.ಟಿ.ಡಿ.: ನೀರಿನ ವಿದ್ಯುದ್ವಾಹಕತೆ, ತಾಪಮಾನ ಮತ್ತು ಆಳವನ್ನು ಅಳೆಯುವ ಸಾಧನ. ವಾಹಕತೆಯಿಂದ ನೀರಿನ ಲವಣತೆಯನ್ನು ಲೆಕ್ಕ ಹಾಕಲಾಗುತ್ತದೆ. ಇದರ ಸುತ್ತ ವೃತ್ತಾಕಾರದ ಚೌಕಟ್ಟಿನಲ್ಲಿ ಸಾಮಾನ್ಯವಾಗಿ 12 ಅಥವಾ 24 ಸೀಸೆಗಳಿರುತ್ತವೆ. ಬೇಕಾದ ಆಳದಲ್ಲಿ ಒಂದೊಂದನ್ನೇ ಮುಚ್ಚಿ ಅಲ್ಲಿನ ನೀರನ್ನು ಮೇಲಕ್ಕೆ ತರಬಹುದು.
• ಧ್ವನಿ ಪ್ರವಾಹಮಾಪಕ: ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ ಮರಳುವ ಧ್ವನಿಯ ಕಂಪನಾಂಕದಲ್ಲಿ ಆಗುವ ವ್ಯತ್ಯಾಸದಿಂದ, ಅಂದರೆ ಡಾಪ್ಲರ್ ಪರಿಣಾಮದಿಂದ, ವಿವಿಧ ಆಳಗಳ ಪ್ರವಾಹದ ವೇಗ ಮತ್ತು ದಿಕ್ಕನ್ನು ತಿಳಿಸುತ್ತದೆ.
• ಬಹುಕಿರಣ ಪ್ರತಿಧ್ವನಿ ಮಾಪಕ: ಹಡಗು ಸಾಗುವ ದಾರಿಯ ಎರಡೂ ಬದಿಯ ಸಮುದ್ರತಳವನ್ನು ಒಂದು ಅಗಲವಾದ ಪಟ್ಟಿಯಂತೆ ನಕ್ಷೆಗಿಳಿಸುತ್ತದೆ.
• ಗುರುತ್ವಮಾಪಕ ಮತ್ತು ಕಾಂತಮಾಪಕ: ಸಮುದ್ರತಳದ ಶಿಲಾರಚನೆಯ ಅಧ್ಯಯನಕ್ಕೆ ಬಳಕೆಯಾಗುತ್ತವೆ.
• ಹವಾಮಾನ ಉಪಕರಣಗಳು: ಗಾಳಿಯ ವೇಗ, ಆರ್ದ್ರತೆ, ಸೌರ ವಿಕಿರಣ, ಮಳೆ ಮೊದಲಾದವುಗಳ ಮಾಪಕಗಳು.
• ವಿಂಚ್, ಕ್ರೇನ್, ಕೇಬಲ್‌ಗಳು, ಶೀತಲೀಕೃತ ಸಂಗ್ರಹಾಲಯ ಮತ್ತು ಪ್ರಯೋಗಾಲಯದ ಮೂಲಸೌಕರ್ಯ.

ಸಿ.ಟಿ.ಡಿ.ಯನ್ನು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ ಇಳಿಸುತ್ತಾರೆ. 3,000 ಮೀಟರ್ ಆಳಕ್ಕೆ ಇಳಿಸಲು 50 ನಿಮಿಷ ಬೇಕು. ಮೇಲೆಳೆಯುವಾಗ ಸೀಸೆಗಳನ್ನು ಮುಚ್ಚಲು ಅಲ್ಲಲ್ಲಿ ನಿಲ್ಲಿಸುವುದರಿಂದ ಒಂದು ಅಳತೆಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಹಡಗು ಒಂದೇ ಸ್ಥಳದಲ್ಲಿ ನಿಂತಿರಬೇಕು.

ಭಾರತದಲ್ಲಿ ಬೆಳವಣಿಗೆ

1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಾಹಸಯಾತ್ರೆಯಲ್ಲಿ ಭಾರತವು ಭಾಗವಹಿಸಿದಾಗ ದೇಶದಲ್ಲಿ ಸಾಗರ ಸಂಶೋಧನೆಗೆಂದೇ ಕಟ್ಟಿದ ದೊಡ್ಡ ಹಡಗು ಇರಲಿಲ್ಲ. ನೌಕಾಪಡೆಯ ಐ.ಎನ್.ಎಸ್. ಕಿಸ್ತ್ನಾ ಹಡಗನ್ನೇ ಈ ಕಾರ್ಯಕ್ಕೆ ಬಳಸಿಕೊಳ್ಳಲಾಯಿತು. ಈ ಯಾತ್ರೆಯ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿ ಗೋವಾದ ದೋನಾ ಪಾವ್ಲಾದಲ್ಲಿದೆ.

1976ರಲ್ಲಿ ಈ ಸಂಸ್ಥೆಗೆ ‘ಗವೇಷಣಿ’ ಎಂಬ ಹಡಗು ದೊರೆಯಿತು. ಹೂಳು ಸಾಗಿಸುವ ನೌಕೆಯೊಂದನ್ನು ಮಾರ್ಪಡಿಸಿ ಇದನ್ನು ಸಿದ್ಧಪಡಿಸಲಾಗಿತ್ತು. 1981ರ ಜನವರಿ 26ರಂದು ಇದೇ ಹಡಗಿನ ವಿಜ್ಞಾನಿಗಳು ಹಿಂದೂ ಮಹಾಸಾಗರದ ತಳದಿಂದ ಬಹುಲೋಹದ ಗಂಟುಗಳನ್ನು ಮೇಲೆತ್ತಿದರು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್‌ಗಳಿರುವ ಈ ಗಂಟುಗಳು ಸಾಗರ ಸಂಶೋಧನೆಗೆ ಹಣ ಒದಗಿಸುವ ವಿಷಯದಲ್ಲಿ ಸರ್ಕಾರದ ಆಸಕ್ತಿಯನ್ನು ಹೆಚ್ಚಿಸಿದವು. ಅದೇ ವರ್ಷದ ಜುಲೈಯಲ್ಲಿ ಸಾಗರಾಭಿವೃದ್ಧಿ ಇಲಾಖೆ ಅಸ್ತಿತ್ವಕ್ಕೆ ಬಂದಿತು. 1987ರಲ್ಲಿ ಭಾರತವು ಸಂಯುಕ್ತ ರಾಷ್ಟ್ರಗಳ ವ್ಯವಸ್ಥೆಯಡಿ ‘ಅಗ್ರಗಾಮಿ ಹೂಡಿಕೆದಾರ’ನೆಂದು ನೋಂದಣಿಗೊಂಡು, ಮಧ್ಯ ಹಿಂದೂ ಮಹಾಸಾಗರದಲ್ಲಿ 1,50,000 ಚದರ ಕಿ.ಮೀ. ಅನ್ವೇಷಣಾ ಪ್ರದೇಶವನ್ನು ಪಡೆಯಿತು.

ಸಾಗರಾಭಿವೃದ್ಧಿ ಇಲಾಖೆಯು 1983ರಲ್ಲಿ ‘ಸಾಗರ ಕನ್ಯಾ’ ಹಡಗನ್ನು ಪಡೆಯಿತು. ಆಗಿನ ಪಶ್ಚಿಮ ಜರ್ಮನಿಯಲ್ಲಿ ನಿರ್ಮಾಣವಾದ, ಸುಮಾರು 100 ಮೀಟರ್ ಉದ್ದದ ಈ ನೌಕೆಯಲ್ಲಿ ಭೂವಿಜ್ಞಾನ, ಭೌತ, ರಸಾಯನ, ಜೀವ ಮತ್ತು ಹವಾಮಾನ ವಿಜ್ಞಾನಗಳ ಅಧ್ಯಯನಕ್ಕೆ ಒಟ್ಟಿಗೇ ಅನುಕೂಲವಿತ್ತು. ಇಲಾಖೆಯ ಹಣದಿಂದ ಕೊಂಡ ಹಡಗನ್ನು ಹಲವು ಸಂಸ್ಥೆಗಳ ವಿಜ್ಞಾನಿಗಳು ಹಂಚಿಕೊಂಡು ಬಳಸುವ ಪದ್ಧತಿ ಇದರೊಡನೆ ಗಟ್ಟಿಯಾಗಿ ನೆಲೆಗೊಂಡಿತು. ಮೀನುಗಾರಿಕೆ ಮತ್ತು ಸಾಗರ ಜೀವಸಂಪತ್ತಿನ ಅಧ್ಯಯನಕ್ಕಾಗಿ ಡೆನ್ಮಾರ್ಕ್‌ನಲ್ಲಿ ನಿರ್ಮಾಣವಾದ ‘ಸಾಗರ ಸಂಪದಾ’ 1984ರಲ್ಲಿ ಸೇರಿತು.

ಮುಂದೆ ಇಟಲಿಯಲ್ಲಿ ನಿರ್ಮಾಣವಾದ ‘ಸಾಗರ ನಿಧಿ’ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಗೆ ದೊರೆಯಿತು. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯು 2014ರಲ್ಲಿ 80 ಮೀಟರ್ ಉದ್ದದ ‘ಸಿಂಧು ಸಾಧನಾ’ವನ್ನು ಪಡೆಯಿತು. ಕರಾವಳಿ ಅಧ್ಯಯನಕ್ಕೆಂದು ‘ಸಾಗರ ತಾರಾ’ ಮತ್ತು ‘ಸಾಗರ ಅನ್ವೇಷಿಕಾ’ ಎಂಬ ಚಿಕ್ಕ ನೌಕೆಗಳನ್ನು ಭಾರತದಲ್ಲೇ ಕಟ್ಟಲಾಯಿತು. 2006ರಲ್ಲಿ ಸಾಗರಾಭಿವೃದ್ಧಿ ಇಲಾಖೆಯು ಮರುರಚನೆಗೊಂಡು ಭೂ ವಿಜ್ಞಾನಗಳ ಸಚಿವಾಲಯವಾಯಿತು.

ಹಣದ ಮೂಲಗಳು

ನೌಕೆಯ ಉಪಕರಣಗಳಿಗೆ ಹಣ ಮುಖ್ಯವಾಗಿ ಮೂರು ದಾರಿಗಳಲ್ಲಿ ಬರುತ್ತದೆ.

ಮೊದಲನೆಯದು ಹಡಗಿನ ನಿರ್ಮಾಣ ವೆಚ್ಚ. ಹೊಸ ನೌಕೆಯನ್ನು ಕಟ್ಟಿಸುವಾಗ ಅದರ ತಳದ ಧ್ವನಿ ಉಪಕರಣಗಳು, ವಿಂಚ್‌ಗಳು ಮತ್ತು ಪ್ರಯೋಗಾಲಯಗಳ ಬೆಲೆಯೂ ಒಪ್ಪಂದದಲ್ಲಿ ಸೇರಿರುತ್ತದೆ. 2024ರ ಜುಲೈಯಲ್ಲಿ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯೊಡನೆ ಹೊಸ ಸಂಶೋಧನಾ ನೌಕೆಗಾಗಿ ಸುಮಾರು ₹840 ಕೋಟಿಯ ಒಪ್ಪಂದ ಮಾಡಿಕೊಂಡಿತು.

ಎರಡನೆಯದು ಸಚಿವಾಲಯದ ಬಹುವಾರ್ಷಿಕ ಯೋಜನೆಗಳು. 2018ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ, ₹1,623 ಕೋಟಿ ವೆಚ್ಚದ ‘ಓ-ಸ್ಮಾರ್ಟ್’ ಯೋಜನೆಯಲ್ಲಿ ಸಂಶೋಧನಾ ನೌಕೆಗಳ ನಿರ್ವಹಣೆಯೂ ಒಂದು ಅಂಗವಾಗಿತ್ತು. 2021ರ ಜೂನ್‌ನಲ್ಲಿ ಐದು ವರ್ಷಗಳಿಗೆ ₹4,077 ಕೋಟಿಯ ಆಳಸಾಗರ ಅಭಿಯಾನಕ್ಕೆ ಒಪ್ಪಿಗೆ ದೊರೆಯಿತು. 2024ರ ಜನವರಿಯಲ್ಲಿ ಸಚಿವಾಲಯದ ಐದು ಯೋಜನೆಗಳನ್ನು ಒಗ್ಗೂಡಿಸಿದ, 2021ರಿಂದ 2026ರವರೆಗಿನ ಅವಧಿಗೆ ₹4,797 ಕೋಟಿಯ ‘ಪೃಥ್ವಿ’ ಕಾರ್ಯಕ್ರಮಕ್ಕೆ ಸಂಪುಟ ಸಮ್ಮತಿಸಿತು. ‘ಓ-ಸ್ಮಾರ್ಟ್’ ಇದರ ಒಂದು ಭಾಗವಾಯಿತು. ಈ ಮೊತ್ತಗಳು ಹವಾಮಾನ, ಧ್ರುವ ಸಂಶೋಧನೆ ಮೊದಲಾದ ಅನೇಕ ಕಾರ್ಯಗಳಿಗೆ ಹಂಚಿಕೆಯಾಗುತ್ತವೆ. ನೌಕೆಗಳ ಉಪಕರಣಗಳಿಗೆ ಸಲ್ಲುವುದು ಅವುಗಳಲ್ಲಿ ಒಂದು ಅಂಶ ಮಾತ್ರ.

ಮೂರನೆಯದು ಪ್ರತ್ಯೇಕ ಸಂಶೋಧನಾ ಯೋಜನೆಗಳ ಅನುದಾನ. ವಿಶ್ವವಿದ್ಯಾಲಯದ ತಂಡವೊಂದು ಹಡಗಿನಲ್ಲಿಲ್ಲದ ವಿಶೇಷ ಸಾಧನವನ್ನು ತನ್ನ ಯೋಜನೆಯ ಹಣದಿಂದ ಕೊಂಡು, ಯಾತ್ರೆಯ ಕಾಲದಲ್ಲಿ ಹಡಗಿಗೆ ಕೊಂಡೊಯ್ಯುತ್ತದೆ. ಯಾತ್ರೆ ಮುಗಿದ ಮೇಲೆ ಅದು ಮರಳಿ ಸಂಸ್ಥೆಗೆ ಬರುತ್ತದೆ.

ಬೆಂಗಳೂರಿನ ಸಂಸ್ಥೆಗಳು ಮತ್ತು ಸಂಶೋಧನಾ ನೌಕೆಗಳು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ವಾತಾವರಣ ವಿಜ್ಞಾನ ಕೇಂದ್ರ ಆರಂಭವಾಯಿತು. 1996ರಲ್ಲಿ ಅದು ವಾತಾವರಣ ಮತ್ತು ಸಾಗರ ವಿಜ್ಞಾನ ಕೇಂದ್ರವೆಂದು ಮರುನಾಮಕರಣಗೊಂಡಿತು. ಮಳೆಗಾಲದ ಮೋಡಗಳಲ್ಲಿ ಅನೇಕವು ಬಂಗಾಳ ಕೊಲ್ಲಿಯ ಮೇಲೆ ಹುಟ್ಟಿ ಭೂಭಾಗದತ್ತ ಸಾಗುವುದರಿಂದ, ಮುಂಗಾರನ್ನು ಅರಿಯಲು ಸಮುದ್ರವನ್ನು ಅಳೆಯುವುದು ಅನಿವಾರ್ಯವೆಂಬುದು ಇಲ್ಲಿನ ವಿಜ್ಞಾನಿಗಳ ನಿಲುವಾಗಿತ್ತು.

ರೊದ್ದಂ ನರಸಿಂಹ ಅವರ ಮುಂದಾಳುತನದಲ್ಲಿ 1990ರಲ್ಲಿ ನಡೆದ ‘ಮಾಂಟ್‌ಬ್ಲೆಕ್ಸ್’ ಪ್ರಯೋಗವು ಜೋಧಪುರ, ದೆಹಲಿ, ವಾರಾಣಸಿ ಮತ್ತು ಖರಗಪುರಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ಗಾಳಿಯ ಕೆಳಪದರವನ್ನು ಅಧ್ಯಯನ ಮಾಡಿತು. ಬಂಗಾಳ ಕೊಲ್ಲಿಯ ಮೇಲಿನ ಅಳತೆಗಳಿಗೆ ‘ಸಾಗರ ಕನ್ಯಾ’ ಬಳಕೆಯಾಯಿತು.

1999ರ ಜುಲೈ–ಆಗಸ್ಟ್‌ನಲ್ಲಿ ‘ಬಾಬ್‌ಮೆಕ್ಸ್’ ಎಂದು ಹೆಸರಾದ ಬಂಗಾಳ ಕೊಲ್ಲಿ ಮುಂಗಾರು ಪ್ರಯೋಗ ನಡೆಯಿತು. ಭಾರತೀಯ ಹವಾಗುಣ ಸಂಶೋಧನಾ ಕಾರ್ಯಕ್ರಮದ ಅಂಗವಾಗಿದ್ದ ಇದರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎಸ್. ಭಟ್ ಮತ್ತು ಸಹೋದ್ಯೋಗಿಗಳು ಪ್ರಮುಖ ಪಾತ್ರ ವಹಿಸಿದರು. ಸಾಗರಾಭಿವೃದ್ಧಿ ಇಲಾಖೆಯ ‘ಸಾಗರ ಕನ್ಯಾ’ ಉತ್ತರ ಕೊಲ್ಲಿಯಲ್ಲಿ 17.5 ಡಿಗ್ರಿ ಉತ್ತರ ಅಕ್ಷಾಂಶದ ಬಳಿಯೂ, ರಕ್ಷಣಾ ಸಂಶೋಧನಾ ವಲಯದ ‘ಸಾಗರಧ್ವನಿ’ ಅದಕ್ಕೆ ದಕ್ಷಿಣದಲ್ಲಿ 13 ಡಿಗ್ರಿಯ ಬಳಿಯೂ ನಿಂತು ಅಳತೆ ಮಾಡಿದವು. ಒಂದು ಮಳೆಯ ಹಂತ ಮುಗಿದ ಬಳಿಕ ಹೊಸ ಮೋಡಗಳಿಗೆ ಬೇಕಾದ ವಾತಾವರಣದ ಶಕ್ತಿಯು ಒಂದೆರಡು ದಿನಗಳಲ್ಲೇ ಮರಳಿ ಕೂಡಿಕೊಳ್ಳುತ್ತದೆ ಎಂಬುದು ಇದರಿಂದ ತಿಳಿದ ಸಂಗತಿಗಳಲ್ಲಿ ಒಂದು. ಬೇರೆ ಬೇರೆ ಇಲಾಖೆಗಳ ಹಡಗುಗಳೂ ಹಲವು ಸಂಸ್ಥೆಗಳ ಉಪಕರಣಗಳೂ ಒಂದೇ ಉದ್ದೇಶಕ್ಕೆ ಕೂಡಿಬಂದ ಪ್ರಯೋಗ ಇದು. 2002 ಮತ್ತು 2003ರಲ್ಲಿ ಅರಬ್ಬೀ ಸಮುದ್ರದಲ್ಲಿ ‘ಆರ್ಮೆಕ್ಸ್’ ಎಂಬ ಇಂಥದೇ ಪ್ರಯೋಗ ನಡೆಯಿತು.

2012ರಲ್ಲಿ ಆರಂಭವಾದ ರಾಷ್ಟ್ರೀಯ ಮುಂಗಾರು ಅಭಿಯಾನದ ನೆರವಿನಿಂದ ಹಂಚಿಕೆಯ ವ್ಯಾಪ್ತಿ ದೇಶದ ಗಡಿಯನ್ನು ದಾಟಿತು. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಲಂಗರು ಹಾಕಿದ ತೇಲುಬುರುಡೆಯೊಂದನ್ನು 2014ರ ಡಿಸೆಂಬರ್‌ನಲ್ಲಿ ‘ಸಾಗರ ನಿಧಿ’ಯಿಂದ ಉತ್ತರ ಬಂಗಾಳ ಕೊಲ್ಲಿಯಲ್ಲಿ ಇಳಿಸಲಾಯಿತು. 2016ರ ಜೂನ್–ಜುಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಏಡ್ರಿಯನ್ ಮ್ಯಾಥ್ಯೂಸ್ ನೇತೃತ್ವದ ‘ಬಾಬಲ್’ ಯೋಜನೆಯು ‘ಸಿಂಧು ಸಾಧನಾ’ ಹಡಗಿನಲ್ಲಿ ನಡೆಯಿತು. ಹಡಗು ಭಾರತದ್ದು, ತಾವೇ ಮುಳುಗುತ್ತ ಏಳುತ್ತ ಅಳೆಯುವ ಐದು ಗ್ಲೈಡರ್‌ಗಳನ್ನೂ ಈ ಯಾತ್ರೆಯಲ್ಲಿ ಇಳಿಸಲಾಯಿತು. ಭಾರತದ ಭೂ ವಿಜ್ಞಾನಗಳ ಸಚಿವಾಲಯ ಮತ್ತು ಬ್ರಿಟನ್ನಿನ ನೈಸರ್ಗಿಕ ಪರಿಸರ ಸಂಶೋಧನಾ ಮಂಡಳಿ ಜಂಟಿಯಾಗಿ ಹಣ ಒದಗಿಸಿದ್ದವು. ಅರಬ್ಬೀ ಸಮುದ್ರದ ಹೆಚ್ಚು ಉಪ್ಪಾದ ನೀರು ಮೇಲ್ಪದರದ ಅಡಿಯಲ್ಲಿ ಹರಿದು ಬಂಗಾಳ ಕೊಲ್ಲಿಯನ್ನು ಸೇರುವ ಬಗೆಯನ್ನು ಈ ಯಾತ್ರೆ ವಿವರವಾಗಿ ದಾಖಲಿಸಿತು.

ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಇಸ್ರೋ ಕೂಡ 2006ರಲ್ಲಿ ವಾತಾವರಣದ ಧೂಳಿನ ಕಣಗಳನ್ನು ಅಧ್ಯಯನ ಮಾಡಿದ ‘ಐಕಾರ್ಬ್’ ಯೋಜನೆಗೆ ‘ಸಾಗರ ಕನ್ಯಾ’ವನ್ನು ಬಳಸಿಕೊಂಡಿತು.

ನಿರ್ವಹಣೆ ಮತ್ತು ಮಾಪನಾಂಕ ನಿರ್ಣಯ

ಉಪಕರಣವನ್ನು ಕೊಳ್ಳುವುದು ಒಮ್ಮೆ ಆಗುವ ವೆಚ್ಚ. ಅದನ್ನು ನಂಬಲರ್ಹವಾಗಿ ಇಟ್ಟುಕೊಳ್ಳುವುದು ವರ್ಷವರ್ಷವೂ ಆಗುವ ವೆಚ್ಚ. ಆಳಸಾಗರದಲ್ಲಿ ಲವಣತೆಯ ವ್ಯತ್ಯಾಸಗಳು ಅತ್ಯಲ್ಪವಾದುದರಿಂದ, ಉತ್ತಮ ದರ್ಜೆಯ ಅಳತೆಯಲ್ಲಿ 0.002ರಷ್ಟು ನಿಖರತೆಯನ್ನು ನಿರೀಕ್ಷಿಸಲಾಗುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುವುದರಿಂದ, 4,000 ಮೀಟರ್ ಆಳದಲ್ಲಿ ಸಂವೇದಕವು ಸುಮಾರು 400 ವಾಯುಮಂಡಲದ ಒತ್ತಡವನ್ನು ತಾಳಬೇಕು. ಒತ್ತಡ, ಉಪ್ಪು ಮತ್ತು ಪಾಚಿಯಿಂದಾಗಿ ಸಂವೇದಕದ ಅಳತೆ ಕ್ರಮೇಣ ಸರಿಯಾದ ಮೌಲ್ಯದಿಂದ ಜಾರುತ್ತದೆ.

ಇದನ್ನು ತಡೆಯಲು ಸಂವೇದಕಗಳನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾಪನಾಂಕ ನಿರ್ಣಯಕ್ಕೆ ಕಳುಹಿಸಬೇಕು. ಯಾತ್ರೆಯಲ್ಲಿಯೂ ಸೀಸೆಗಳಲ್ಲಿ ತಂದ ನೀರಿನ ಲವಣತೆಯನ್ನು ಹಡಗಿನ ಪ್ರಯೋಗಾಲಯದಲ್ಲಿ, ಲವಣತೆ ಗೊತ್ತಿರುವ ಪ್ರಮಾಣಿತ ಸಮುದ್ರಜಲದೊಡನೆ ಹೋಲಿಸಿ ನೋಡುತ್ತಾರೆ. ಸಂವೇದಕ ಮಾಪನಕ್ಕೆ ಹೋದಾಗ ಬಳಸಲು ಇನ್ನೊಂದು ಜೊತೆ ಬೇಕು. ಇವನ್ನು ನಡೆಸಲು ಬಲ್ಲ ತಂತ್ರಜ್ಞರು ಹಡಗಿನಲ್ಲಿರಬೇಕು. ಮಾಪನವಿಲ್ಲದ ಸಂವೇದಕ ಅಂಕಿಗಳನ್ನು ಕೊಡುತ್ತಲೇ ಇರುತ್ತದೆ, ಆದರೆ ಆ ಅಂಕಿಗಳನ್ನು ಹಿಂದಿನ ವರ್ಷದ ಅಂಕಿಗಳೊಡನೆ ಹೋಲಿಸಲಾಗುವುದಿಲ್ಲ. ಸಮುದ್ರ ಬಿಸಿಯಾಗುತ್ತಿರುವುದನ್ನು ತಿಳಿಯುವುದು ಇಂಥ ಹೋಲಿಕೆಯಿಂದಲೇ ಆದುದರಿಂದ, ನಿರ್ವಹಣೆಯ ಕೊರತೆ ನೇರವಾಗಿ ವಿಜ್ಞಾನದ ಕೊರತೆಯಾಗುತ್ತದೆ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳು ನಡೆಸುವ ಸಂಶೋಧನಾ ನೌಕೆಗಳು ‘ಯೂನಾಲ್ಸ್’ ಎಂಬ ಒಕ್ಕೂಟದಲ್ಲಿ ಸೇರಿವೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಹಡಗಿನ ಸಂಚಾರ, ತಾಂತ್ರಿಕ ಸೇವೆ, ಸಾಮೂಹಿಕ ವೈಜ್ಞಾನಿಕ ಉಪಕರಣ, ಹಾಗೂ ವಿಂಚ್‌ನಂತಹ ಹಡಗಿನ ಆಧಾರ ಸಲಕರಣೆ ಇವುಗಳಿಗೆ ಬೇರೆ ಬೇರೆ ಕಾರ್ಯಕ್ರಮಗಳಡಿ ಹಣ ನೀಡುತ್ತದೆ. ಉಪಕರಣದ ಹಣವೂ ಅದನ್ನು ನಡೆಸುವವರ ಹಣವೂ ಪ್ರತ್ಯೇಕ ಶೀರ್ಷಿಕೆಗಳಲ್ಲಿ ಗುರುತಿಸಲ್ಪಡುವುದು ಈ ಪದ್ಧತಿಯ ವೈಶಿಷ್ಟ್ಯ.

ಬ್ರಿಟನ್ನಿನಲ್ಲಿ ಸೌತಾಂಪ್ಟನ್‌ನ ರಾಷ್ಟ್ರೀಯ ಸಾಗರವಿಜ್ಞಾನ ಕೇಂದ್ರವು ರಾಷ್ಟ್ರೀಯ ಸಾಗರ ಉಪಕರಣ ಕೊಠಾರವನ್ನು ನಡೆಸುತ್ತದೆ. ಸಾಧನಗಳು ಯಾವುದೇ ಒಂದು ಹಡಗಿಗೆ ಸೀಮಿತವಾಗದೆ, ಬೇಕಾದ ಯಾತ್ರೆಗೆ ಕೊಠಾರದಿಂದ ಹೋಗಿ ಮರಳುತ್ತವೆ. ಯುರೋಪಿನ ಕೆಲವು ದೇಶಗಳು ಹಣದ ವಿನಿಮಯವಿಲ್ಲದೆ ಹಡಗಿನ ದಿನಗಳನ್ನೂ ಉಪಕರಣಗಳನ್ನೂ ಪರಸ್ಪರ ಎರವಲು ಕೊಡುವ ಒಪ್ಪಂದವನ್ನು ಹೊಂದಿವೆ.

ಸಮಸ್ಯೆಗಳು

ಭಾರತದಲ್ಲಿ ಸಂಶೋಧನಾ ಅನುದಾನವು ಬಂಡವಾಳ ವೆಚ್ಚ ಮತ್ತು ಆವರ್ತಕ ವೆಚ್ಚ ಎಂದು ವಿಭಜನೆಯಾಗಿರುತ್ತದೆ. ಹೊಸ ಉಪಕರಣವು ಮೊದಲನೆಯದರಲ್ಲಿ ಬಂದರೆ, ಬಿಡಿಭಾಗ ಮತ್ತು ಸೇವೆಯ ವೆಚ್ಚ ಎರಡನೆಯದರಲ್ಲಿ ಬರಬೇಕು. ಯೋಜನೆಯ ಅವಧಿ ಮುಗಿದಾಗ ಆವರ್ತಕ ಹಣ ನಿಲ್ಲುತ್ತದೆ. ಉಪಕರಣದ ಆಯುಸ್ಸು ಮಾತ್ರ ಉಳಿದಿರುತ್ತದೆ. ಸಾಮೂಹಿಕ ಉಪಕರಣಕ್ಕೆ ಒಬ್ಬನೇ ಒಡೆಯನಿಲ್ಲದಿರುವುದರಿಂದ, ಈ ಹಂತದಲ್ಲಿ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತದೆ.

ತೆರಿಗೆಯೂ ಒಂದು ಅಂಶ. ಸರ್ಕಾರಿ ಅನುದಾನಿತ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಇದ್ದ ಶೇ. 5ರ ರಿಯಾಯಿತಿ ಸರಕು ಮತ್ತು ಸೇವಾ ತೆರಿಗೆಯನ್ನು 2022ರ ಜುಲೈ 18ರಿಂದ ಹಿಂತೆಗೆದುಕೊಳ್ಳಲಾಯಿತು. ಶೇ. 18ರ ದರ ಅನ್ವಯವಾಗುವ ₹1 ಕೋಟಿಯ ಉಪಕರಣಕ್ಕೆ ಮೊದಲು ₹5 ಲಕ್ಷವಿದ್ದ ತೆರಿಗೆ ₹18 ಲಕ್ಷವಾಗುತ್ತದೆ. ಅನುದಾನದ ಮೊತ್ತ ಮೊದಲೇ ನಿಗದಿಯಾಗಿದ್ದಲ್ಲಿ ಈ ವ್ಯತ್ಯಾಸವನ್ನು ಬೇರೆ ಬಾಬತ್ತಿನಿಂದ ತುಂಬಬೇಕಾಗುತ್ತದೆ.

ಉಪಕರಣಗಳ ಹಂಚಿಕೆಯನ್ನು ವ್ಯವಸ್ಥಿತಗೊಳಿಸಲು ಕೆಲವು ಪ್ರಯತ್ನಗಳು ನಡೆದಿವೆ. ದೇಶದ ಸಂಶೋಧನಾ ಸಂಸ್ಥೆಗಳಲ್ಲಿರುವ ಉಪಕರಣಗಳ ಪಟ್ಟಿಯನ್ನು ಒದಗಿಸಿ, ಹೊರಗಿನವರೂ ಅವನ್ನು ಕಾದಿರಿಸಲು ಅವಕಾಶ ನೀಡುವ ‘ಐ-ಸ್ಟೆಮ್’ ಜಾಲತಾಣವನ್ನು 2020ರ ಜನವರಿ 3ರಂದು ಬೆಂಗಳೂರಿನಲ್ಲಿ ನಡೆದ 107ನೆಯ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಇದರ ಕಾರ್ಯಾಲಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ಇಂಥ ಪಟ್ಟಿಯಿಂದ ಯಾತ್ರೆಯ ಬಳಿಕ ದಡದಲ್ಲಿ ನಡೆಯಬೇಕಾದ ನೀರು ಮತ್ತು ಮಣ್ಣಿನ ಮಾದರಿಗಳ ವಿಶ್ಲೇಷಣೆಗೆ ಅನುಕೂಲವಾಗುತ್ತದೆ.

ಮಹತ್ವ

ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕರಾವಳಿಯಿದೆ. ರಾಜ್ಯದ ಕೃಷಿಯ ಬಹುಭಾಗ ಮಳೆಯನ್ನೇ ಅವಲಂಬಿಸಿದೆ. ಮುಂಗಾರಿನ ಮುನ್ಸೂಚನೆ ನೀಡುವ ಗಣಕ ಮಾದರಿಗಳು ಸಮುದ್ರದ ಮೇಲ್ಪದರದ ತಾಪ ಮತ್ತು ಲವಣತೆಯನ್ನು ಸರಿಯಾಗಿ ಬಿಂಬಿಸಬೇಕಾದರೆ, ಅವನ್ನು ನೈಜ ಅಳತೆಗಳೊಡನೆ ಪರೀಕ್ಷಿಸಬೇಕು. ಉಪಗ್ರಹಗಳು ಸಮುದ್ರದ ಮೇಲ್ಮೈಯನ್ನು ನೋಡಬಲ್ಲವು. ನೀರಿನೊಳಗಿನ ಪದರಗಳನ್ನು ತಿಳಿಯಲು ಹಡಗು, ತೇಲುಬುರುಡೆ ಮತ್ತು ಗ್ಲೈಡರ್‌ಗಳೇ ಬೇಕು. ಸಾಮೂಹಿಕ ಉಪಕರಣಗಳಿಗೆ ದೊರೆಯುವ ನಿರಂತರ ಧನಸಹಾಯವು ಈ ಅಳತೆಗಳ ವಿಶ್ವಾಸಾರ್ಹತೆಯನ್ನೂ, ಕರಾವಳಿಯ ಸಂಸ್ಥೆಗಳಷ್ಟೇ ಅಲ್ಲದೆ ಒಳನಾಡಿನ ವಿದ್ಯಾರ್ಥಿಗಳೂ ಸಾಗರವಿಜ್ಞಾನದಲ್ಲಿ ಭಾಗವಹಿಸುವ ಅವಕಾಶವನ್ನೂ ನಿರ್ಧರಿಸುತ್ತದೆ.